ಪತ್ರ ಬರಹಗಾರ ಬಯ್ಯಪ್ಪನವರ ಹೆರಾಲ್ಡ್ ಕಾರು

ಚಿಂತಾಮಣಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು, ಹೊಂಗೆಮರದ ಕೆಳಗಿನ ತಗಡಿನ ಅಂಗಡಿಯಲ್ಲಿ ಕೂತು ಪತ್ರ ಬರೆಯುವ ಬಯ್ಯಪ್ಪನವರನ್ನು ಅರಿಯದವರು ತಾಲ್ಲೂಕಿನಲ್ಲಿ ಕಡಿಮೆ. ಜಮೀನು ಕೊಳ್ಳುವವರು ಮೊದಲು ಅವರಿಂದ ಬೈಸಿಕೊಂಡು ಆಮೇಲೆ ಜಮೀನು ಕೊಳ್ಳಬೇಕಿತ್ತು. ಮೂಲಪತ್ರ ಎಲ್ಲಿ, ಪಹಣಿ ಯಾರ ಹೆಸರಿನಲ್ಲಿದೆ, ಋಣಭಾರದ ಪತ್ರ ತೆಗೆಸಿದ್ದೀರಾ, ಮಾರುವವನ ಅಕ್ಕತಂಗಿಯರು ಎಲ್ಲಿದ್ದಾರೆ, ಅವರು ಬಂದು ಸಹಿ ಹಾಕುತ್ತಾರಾ ಎಂದು ಒಂದೊಂದಾಗಿ ಕೇಳಿ, ಬಂದವನು ತನಗೆ ಜಮೀನೇ ಬೇಡ ಎನ್ನುವ ಹಂತಕ್ಕೆ ತಲುಪಿದಾಗ ಅವರು ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು. ಈಗ ಬರೆಯುವ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಬೈಯುವುದನ್ನು ಅದಿನ್ನೂ ಕಲಿತಿಲ್ಲವಾದ್ದರಿಂದ ಬಯ್ಯಪ್ಪನವರ ಅಂಗಡಿ ನಡೆದುಕೊಂಡು ಹೋಗುತ್ತಿದೆ.

ಇಂಥ ಮನುಷ್ಯ ಐವತ್ತು ದಾಟಿದ ಮೇಲೆ, ಡ್ರೈವಿಂಗ್ ಬಾರದೆ, ಓಡದ ಕಾರೊಂದನ್ನು ಕೊಂಡರು. ಅದಕ್ಕೆ ಕಾರಣ ಅವರ ಷಡ್ಡಕ ಅಂಬರೀಶ್.

ಅಂಬರೀಶನದು ಮಂಡಿಕಲ್. ಹೆದ್ದಾರಿಯ ಪಕ್ಕದಲ್ಲಿದ್ದ ಕಲ್ಲುಗುಡ್ಡೆಯ ಜಮೀನನ್ನು ಲೇಔಟಿನವರಿಗೆ ಕೊಟ್ಟ ವರ್ಷವೇ ಹೊಸ ಮನೆ ಕಟ್ಟಿಸಿ, ಅದರ ಮುಂದೆ ಬಿಳಿಯ ದೊಡ್ಡ ಗಾಡಿಯೊಂದನ್ನು ತಂದು ನಿಲ್ಲಿಸಿದ. ಒಳಗೆ ಹತ್ತಬೇಕಾದರೆ ಮೊದಲು ಪಕ್ಕದ ಮೆಟ್ಟಿಲ ಮೇಲೆ ಕಾಲಿಡಬೇಕು, ಅಷ್ಟು ಎತ್ತರದ ಗಾಡಿ. ಗೃಹಪ್ರವೇಶಕ್ಕೆ ಬಂದ ನೆಂಟರು ಮನೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಚಿಂತಾಮಣಿಯಿಂದ ಸ್ಕೂಟರಿನಲ್ಲಿ ಹೋಗಿದ್ದ ಬಯ್ಯಪ್ಪನವರು ಊಟ ಮುಗಿಸಿ ಬಂದು ನೋಡಿದರೆ, ಅಡುಗೆಯವರು ಆ ಸ್ಕೂಟರಿನ ಮೇಲೆ ಒದ್ದೆ ಟವೆಲ್ಲುಗಳನ್ನು ಹರಡಿದ್ದರು.

ಅವರು ಟವೆಲ್ಲುಗಳನ್ನು ಮಡಿಸಿ ಗೋಡೆಯ ಮೇಲಿಟ್ಟು ಮನೆಗೆ ಬಂದರು. ಅಂಬರೀಶನದಕ್ಕಿಂತ ದೊಡ್ಡ ಗಾಡಿ ಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತು. ಸಮಾನದ್ದು ಕೊಂಡರೆ ಅವನನ್ನು ನೋಡಿ ಕೊಂಡ ಅನ್ನುತ್ತಾರೆ. ಚಿಕ್ಕದು ಕೊಂಡರೆ ಚಿಕ್ಕದು ಕೊಂಡ ಅನ್ನುತ್ತಾರೆ. ಈ ಲೆಕ್ಕಾಚಾರದಲ್ಲಿರುವಾಗಲೇ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಹ್ಯಾಟು ಹಾಕಿಕೊಂಡ ಬೆಂಗಳೂರಿನ ಹಿರಿಯರೊಬ್ಬರು ಹಳೆಯ ಕಾರಿಗೆ ಒರಗಿ ನಿಂತು, ಹೊಸ ಕಾರು ದುಡ್ಡಿದ್ದವರೆಲ್ಲ ಕೊಳ್ಳಬಹುದು, ಹಳೆಯ ಕಾರಿಗೆ ಮಾತ್ರ ಅಭಿರುಚಿ ಬೇಕು ಎಂದು ಹೇಳುತ್ತಿದ್ದರು. ಬಯ್ಯಪ್ಪನವರು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ತಮಗೆ ಅಭಿರುಚಿ ಇದೆ ಎಂಬುದು ಅವರಿಗೆ ಅವತ್ತೇ ಖಚಿತವಾದದ್ದು.

ಹುಡುಕಿದ್ದು ಗೌರಿಬಿದನೂರಿನಲ್ಲಿ ಸಿಕ್ಕಿತು. ಅಲ್ಲಿ ರಮೇಶ್‌ಬಾಬು ಎಂಬವರ ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ ಒಂದು ಹೆರಾಲ್ಡ್ ಕಾರು ಇತ್ತು. ಹಳದಿ ಬಣ್ಣ, ಎರಡೇ ಬಾಗಿಲು, ಹಿಂದುಗಡೆ ಎರಡು ಪುಟ್ಟ ರೆಕ್ಕೆ. ಮೇಲೆ ಧೂಳು, ಒಳಗೆ ಹಿಂಡಿಯ ವಾಸನೆ. ರಮೇಶ್‌ಬಾಬು ಅದನ್ನು ಮಾರುವ ವಸ್ತು ಎಂಬಂತೆ ತೋರಿಸಲೇ ಇಲ್ಲ. ಮನೆಯ ಹಿರಿಯರೊಬ್ಬರನ್ನು ಪರಿಚಯ ಮಾಡಿಕೊಡುವವರ ಹಾಗೆ ಮೆಲ್ಲಗೆ ಟಾರ್ಪಾಲು ಸರಿಸಿದರು. ಇದು ದಿವಾನರ ಮನೆತನದಿಂದ ಬಂದದ್ದು ಎಂದರು. ಯಾವ ದಿವಾನರು ಎಂದು ಬಯ್ಯಪ್ಪನವರು ಕೇಳಲಿಲ್ಲ, ರಮೇಶ್‌ಬಾಬುವೂ ಹೇಳಲಿಲ್ಲ.

ಬಯ್ಯಪ್ಪನವರು ತಮ್ಮ ವೃತ್ತಿಗೆ ತಕ್ಕ ಹಾಗೆ ಮೊದಲು ಕಾಗದ ಕೇಳಿದರು. ಕಾರಿನ ಬಾನೆಟ್ಟಿನ ಮೇಲೆಯೇ ಆರ್‌ಸಿ ಪುಸ್ತಕ ಹರಡಿಕೊಂಡು, ಕನ್ನಡಕ ಏರಿಸಿ, ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಹೆಸರು ಹೇಗೆ ಬದಲಾಯಿತು, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಮೊಹರು ಅಸಲಿಯೇ ಎಂದು ಒಂದು ಗಂಟೆ ಪರೀಕ್ಷಿಸಿದರು. ಎಲ್ಲವೂ ಅಪ್ಪಟವಾಗಿತ್ತು. ಇಷ್ಟು ಶುದ್ಧವಾದ ಕಾಗದವನ್ನು ಅವರು ಜಮೀನಿನ ವ್ಯವಹಾರದಲ್ಲೂ ಕಂಡಿರಲಿಲ್ಲ. ಕಾಗದದ ಕೆಳಗಿದ್ದ ಬಾನೆಟ್ಟನ್ನು ಎತ್ತಿ ನೋಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ಒಂದು ಸಲ ಸ್ಟಾರ್ಟ್ ಮಾಡಿ ಎಂದದ್ದೂ ಹೊರಡುವ ಹೊತ್ತಿಗೆ, ಮರ್ಯಾದೆಗೆಂಬಂತೆ.

"ಬಹಳ ಕಾಲ ಮಲಗಿರೋ ಗಾಡಿ ಸರ್. ದಿಢೀರಂತ ಎಬ್ಬಿಸಬಾರದು," ಎಂದರು ರಮೇಶ್‌ಬಾಬು.

ಬಯ್ಯಪ್ಪನವರಿಗೆ ಇದು ಬಹಳ ಸೂಕ್ಷ್ಮವಾದ ಮಾತಾಗಿ ಕಂಡಿತು. ಕ್ರಯಪತ್ರವನ್ನು ತಾವೇ ಬರೆದರು. ಸದರಿ ಕಾರನ್ನು ಇಂದಿನಿಂದ ನೀವು ನಿಮ್ಮ ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು ಎಂಬ ಸಾಲನ್ನು ಬರೆಯುವಾಗ ಕಣ್ಣು ತೇವವಾಯಿತಂತೆ. ಕಾರು ಟೊಮೆಟೊ ಸಾಗಿಸುವ ಲಾರಿಯ ಮೇಲೆ ಚಿಂತಾಮಣಿಗೆ ಬಂತು.

ಅವರ ಹೆಂಡತಿ ವರಲಕ್ಷ್ಮಿ ಕೆಂಚಾರ್ಲಹಳ್ಳಿಯ ರೇಷ್ಮೆ ಬೆಳೆಗಾರರ ಮನೆಯ ಮಗಳು. ಹುಳುವಿಗೆ ಸೊಪ್ಪು ಹಾಕಿ ಬೆಳೆದವರಾದ್ದರಿಂದ ಮಾತಿಗಿಂತ ಕೆಲಸ ಬೇಗ ಮುಗಿಸುವ ಅಭ್ಯಾಸ. ಲಾರಿಯಿಂದ ಇಳಿಯುತ್ತಿದ್ದ ಕಾರನ್ನು ಬಾಗಿಲಲ್ಲಿ ನಿಂತು ನೋಡಿ, ಇದನ್ನು ಓಡಿಸುವವರು ಯಾರು ಎಂದು ಕೇಳಿದರು. ಆ ಪ್ರಶ್ನೆಯನ್ನು ಬಯ್ಯಪ್ಪನವರು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಮರುವಾರ ಊರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಒಬ್ಬರೇ ಹೋಗಲು ನಾಚಿಕೆಯಾಗಿ ಹೆಂಡತಿಯನ್ನೂ ಸೇರಿಸಿದರು. ವರಲಕ್ಷ್ಮಿ ಮೊದಲ ಪರೀಕ್ಷೆಯಲ್ಲೇ ಪಾಸಾದರು. ಬಯ್ಯಪ್ಪನವರು ರಿವರ್ಸ್ ತೆಗೆಯುವಾಗ ಕಂಬವೊಂದನ್ನು ಮುಟ್ಟಿ, ಆ ಕಂಬ ಸರ್ಕಾರಿ ಜಾಗದಲ್ಲಿದೆಯೇ ಖಾಸಗಿ ಜಾಗದಲ್ಲಿದೆಯೇ ಎಂದು ಇನ್‌ಸ್ಪೆಕ್ಟರ ಜೊತೆ ವಾದಕ್ಕಿಳಿದದ್ದರಿಂದ ಇನ್ನೊಂದು ಸಲ ಹೋಗಬೇಕಾಯಿತು.

ಕಾರನ್ನು ಎಬ್ಬಿಸುವ ಕೆಲಸ ಶಿಡ್ಲಘಟ್ಟದ ಮೆಹಬೂಬ್ ಪಾಷಾನಿಗೆ ಹೋಯಿತು. ಪಾಷಾ ರೇಷ್ಮೆ ನೂಲು ತೆಗೆಯುವ ಯಂತ್ರಗಳ ಮೋಟಾರು ರಿಪೇರಿ ಮಾಡುವವನು. ಬಿಡುವಿದ್ದಾಗ ಜೀಪು, ವ್ಯಾನುಗಳನ್ನೂ ನೋಡುತ್ತಿದ್ದ. ಗೊತ್ತಿಲ್ಲ ಎಂಬ ಮಾತನ್ನು ಅವನ ಬಾಯಲ್ಲಿ ಕೇಳಿದವರಿಲ್ಲ. ಕಾರನ್ನು ಅವನ ಶೆಡ್ಡಿಗೆ ಎಳೆಸಿ ತಂದ ದಿನವೇ ಅವನು ಹೆರಾಲ್ಡನ್ನು ಮೊದಲ ಸಲ ನೋಡಿದ್ದು.

"ಎಲ್ಲಾ ಗಾಡೀನೂ ಒಂದೇ ಸಾರ್, ಹೆಸರು ಬೇರೆ ಅಷ್ಟೆ," ಎಂದು ಬಾನೆಟ್ಟನ್ನು ಎತ್ತಲು ಹೋದ. ಅದು ಏಳಲಿಲ್ಲ. ಹಿಂದಿನಿಂದ, ಎಡದಿಂದ, ಬಲದಿಂದ ನೋಡಿದ. ಕೊನೆಗೆ ಕಾರಿನ ಮೂತಿಯೇ ಇಡಿಯಾಗಿ ಮುಂದಕ್ಕೆ ಬಾಗಿಕೊಂಡು ಮೊಸಳೆಯ ಬಾಯಿಯಂತೆ ತೆರೆದಾಗ ಪಾಷಾ ಎರಡು ಹೆಜ್ಜೆ ಹಿಂದೆ ಸರಿದ. ಒಳಗೆ ಇಲಿಗಳ ಎರಡು ತಲೆಮಾರು ಸಂಸಾರ ಮಾಡಿದ ಗುರುತಿತ್ತು. ಕಾರ್ಬೊರೇಟರ್ ಇರಬೇಕಾದ ಜಾಗದಲ್ಲಿ ಕಡಲೆಕಾಯಿ ಸಿಪ್ಪೆ ತುಂಬಿತ್ತು. ಸೀಳಿಹೋಗಿದ್ದ ಮುಂದಿನ ಗಾಜನ್ನು ಮುಟ್ಟಿದ್ದೇ ತಡ, ಅದು ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

ಪಾಷಾ ಎದೆಗುಂದಲಿಲ್ಲ. ಎಂಜಿನ್ನನ್ನು ಒಂದೇ ದಿನದಲ್ಲಿ ಬಿಚ್ಚಿ, ಗೋಣಿಚೀಲಗಳ ಮೇಲೆ ಸಾಲಾಗಿ ಜೋಡಿಸಿ, ಮಾರನೆಯ ದಿನ ಭಾಮೈದನ ಮದುವೆಗೆಂದು ಹೋದವನು ಮೂರು ವಾರ ಕಾಣಲಿಲ್ಲ. ಬಂದ ಮೇಲೆ, ಬಿಚ್ಚುವಾಗ ಇದ್ದ ಗೊತ್ತು ಜೋಡಿಸುವಾಗ ಸ್ವಲ್ಪ ಕಡಿಮೆಯಾಗಿದೆ ಎಂಬುದು ಇಬ್ಬರಿಗೂ ಅರ್ಥವಾಯಿತು. ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಏಕೆಂದರೆ ಬಯ್ಯಪ್ಪನವರ ಅಭಿರುಚಿಯೂ ಪಾಷಾನ ವಿದ್ಯೆಯೂ ಒಂದೇ ಗೋಣಿಚೀಲದ ಮೇಲೆ ಬಿದ್ದಿದ್ದವು.

ಸಾಮಾನಿಗಾಗಿ ಬೆಂಗಳೂರಿನ ಅಂಗಡಿ ಬೀದಿಗಳಲ್ಲಿ ಅಲೆದರು. ಒಂದು ಅಂಗಡಿಯಲ್ಲಿದ್ದವನು, ಈ ಹೆಸರು ನಮ್ಮ ತಾತ ಹೇಳುತ್ತಿದ್ದರು ಎಂದ. ಹಳೆ ಕಾರಿನವರ ವಾಟ್ಸಾಪ್ ಗುಂಪೊಂದಕ್ಕೆ ಬಯ್ಯಪ್ಪನವರು ಸೇರಿಕೊಂಡು, ಹೆರಾಲ್ಡಿನ ಕಾರ್ಬೊರೇಟರ್ ಬೇಕಾಗಿದೆ ಎಂದು ವಿನಯದಿಂದ ಹಾಕಿದರು. ಉತ್ತರವಾಗಿ ಗುಲಾಬಿ ಹೂಗಳ ಶುಭೋದಯಗಳೂ, ಕೈಮುಗಿದ ಚಿತ್ರಗಳೂ ಬಂದವು. ಒಬ್ಬರು ನಿಮ್ಮದು ಮೂಲ ಬಣ್ಣವೇ ಎಂದು ವಿಚಾರಿಸಿದರು. ಅಲ್ಲವೆಂದು ಕಾಣುತ್ತದೆ ಎಂದು ಬಯ್ಯಪ್ಪನವರು ಬರೆದ ಮೇಲೆ ಯಾರೂ ಮಾತಾಡಲಿಲ್ಲ.

ಆಗ ಪಾಷಾ ಸುದ್ದಿಯೊಂದನ್ನು ತಂದ. ಸಾದಲಿಯಲ್ಲಿ ಓಬಳಮ್ಮ ಎಂಬ ಮುದುಕಿಯ ಹಿತ್ತಲಲ್ಲಿ ಇಂಥದ್ದೇ ಕಾರು ಇದೆಯಂತೆ. ತೀರಿಹೋದ ಗಂಡ ರೇಷ್ಮೆ ವ್ಯಾಪಾರದಲ್ಲಿದ್ದಾಗ ಕೊಂಡದ್ದು. ನಿಂತು ಎಷ್ಟೋ ವರ್ಷವಾಗಿದೆ. ಇಬ್ಬರೂ ಹೋಗಿ ನೋಡಿದರು. ಕಾರು ನಿಜವಾಗಿಯೂ ಇತ್ತು. ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು. ಸೀಟುಗಳ ಮೇಲೆ ಕೋಳಿಗಳು ಕೂತಿದ್ದವು. ಆದರೆ ಮುಂದಿನ ಗಾಜು ಇಡಿಯಾಗಿತ್ತು, ಬಾನೆಟ್ಟಿನ ಒಳಗೆ ಕಾರ್ಬೊರೇಟರ್ ಇತ್ತು.

ಇಲ್ಲಿ ಬಯ್ಯಪ್ಪನವರು, ಬೇರೆಯವರಿಗೆ ಎಂದೂ ಮಾಡಗೊಡದ ತಪ್ಪೊಂದನ್ನು ತಾವೇ ಮಾಡಿದರು. ಕಾರನ್ನು ಕಂಡ ಕೂಡಲೇ, ಓಬಳಮ್ಮನ ಎದುರಿಗೇ, ಇಂಥದ್ದು ಇಡೀ ಜಿಲ್ಲೆ ಹುಡುಕಿದರೂ ಸಿಗುವುದಿಲ್ಲ ಎಂದುಬಿಟ್ಟರು. ಓಬಳಮ್ಮ ನೇರವಾಗಿ ಒಳಗೆ ಹೋಗಿ ಮಕ್ಕಳಿಗೆ ಫೋನ್ ಮಾಡಿದಳು.

ಆಕೆಗೆ ಮೂವರು ಗಂಡುಮಕ್ಕಳು. ಬಾವಿಯ ನೀರಿನ ಸರದಿಯ ಜಗಳದಿಂದ ಮಾತು ಬಿಟ್ಟು ಬೇರೆ ಬೇರೆ ಬೀದಿಗಳಲ್ಲಿದ್ದ ಆ ಮೂವರೂ ಅರ್ಧ ಗಂಟೆಯೊಳಗೆ ಹಿತ್ತಲಿನಲ್ಲಿ ಹಾಜರಾದರು. ಅಂದು ಬೆಳಿಗ್ಗೆಯವರೆಗೆ ಕೋಳಿಗೂಡಾಗಿದ್ದದ್ದು ಮಧ್ಯಾಹ್ನಕ್ಕೆ ಪಿತ್ರಾರ್ಜಿತ ಆಸ್ತಿಯಾಯಿತು. ಅಪ್ಪ ತನ್ನನ್ನು ಸ್ಕೂಲಿಗೆ ಬಿಡುತ್ತಿದ್ದದ್ದು ಇದರಲ್ಲೇ ಎಂದು ದೊಡ್ಡವನು ನೆನೆದ. ದಿನಾ ತೊಳೆಯುತ್ತಿದ್ದವನು ತಾನು ಎಂದು ನಡುವಿನವನು ಎದೆ ಮುಟ್ಟಿಕೊಂಡ. ಕಾರು ನಿಂತ ಮೇಲೆ ಹುಟ್ಟಿದ ಚಿಕ್ಕವನು, ಅಪ್ಪ ಕೊನೆಗಾಲದಲ್ಲಿ ಇದನ್ನು ತನಗೇ ಕೊಟ್ಟಿದ್ದರು, ಸಾಕ್ಷಿಗೆ ಯಾರೂ ಇರಲಿಲ್ಲ ಅಷ್ಟೆ ಎಂದ.

ಬಯ್ಯಪ್ಪನವರಿಗೆ ಇದು ತಮ್ಮ ಅಂಗಡಿಯ ಕೆಲಸವೇ ಆಗಿಹೋಯಿತು. ಹಲಸಿನ ಮರದ ಕೆಳಗೆ ಚಾಪೆ ಹಾಕಿಸಿಕೊಂಡು ಕೂತು ಕಾರಿಗೆ ಪಾಲುಪಟ್ಟಿ ಬರೆದರು. ಬಾನೆಟ್ಟು ಮತ್ತು ಅದರೊಳಗಿನ ಸಕಲ ಸಾಮಾನು ಹಿರಿಯನಿಗೆ. ಬಾಗಿಲುಗಳು ಮತ್ತು ಗಾಜುಗಳು ನಡುವಿನವನಿಗೆ. ಹಿಂಭಾಗ, ಚಕ್ರಗಳು ಮತ್ತು ಕೆಂಪು ದೀಪಗಳು ಕಿರಿಯನಿಗೆ. ಮೂವರೂ ಸಹಿ ಹಾಕಿದರು. ಕಾರ್ಬೊರೇಟರಿಗೆ ಬದಲಾಗಿ ಹಿರಿಯನಿಗೆ ಬಾವಿಯ ಸರದಿಯ ಕರಾರು ಬರೆದುಕೊಟ್ಟದ್ದಾಯಿತು. ಗಾಜಿಗೆ ಬದಲಾಗಿ ನಡುವಿನವನ ಖಾತೆ ಬದಲಾವಣೆಯ ಕೆಲಸ ಒಪ್ಪಿಕೊಂಡದ್ದಾಯಿತು. ಕಿರಿಯನ ಪಾಲಿನಲ್ಲಿ ಬಯ್ಯಪ್ಪನವರಿಗೆ ಬೇಕಾದದ್ದೇನೂ ಇರಲಿಲ್ಲ. ತನ್ನದು ಯಾರಿಗೂ ಬೇಡವಾಯಿತೇ ಎಂದು ಅವನು ಮುಖ ಊದಿಸಿಕೊಂಡು ಗೇಟಿಗೆ ಅಡ್ಡ ನಿಂತದ್ದರಿಂದ, ಉರಿಯದ ಕೆಂಪು ದೀಪವೊಂದನ್ನು ಅವನ ಮನಸ್ಸಿನ ಸಮಾಧಾನಕ್ಕಾಗಿ ಕೊಳ್ಳಬೇಕಾಯಿತು.

ಎಲ್ಲ ಮುಗಿಯಿತು ಎನ್ನುವಾಗ ಓಬಳಮ್ಮ ಎದ್ದು ಬಂದಳು.

"ಅವರವರ ಭಾಗ ಅವರವರು ಮಾಡ್ಕೊಂಡ್ರು ನಾಯನಾ. ಗಾಜು ಕಿತ್ಕೊಂಡು ಹೋದ್ರೆ ನನ್ನ ಕೋಳಿಗಳು ಎಲ್ಲಿ ಮಲಗ್ಬೇಕು? ಬೆಕ್ಕು ಬರ್ತದೆ."

ಆ ಪ್ರಶ್ನೆಗೆ ಪಾಲುಪಟ್ಟಿಯಲ್ಲಿ ಉತ್ತರವಿರಲಿಲ್ಲ. ಗಾರೆಯವನನ್ನು ಕರೆಸಿ, ಇಟ್ಟಿಗೆ ತರಿಸಿ, ಓಬಳಮ್ಮ ತೋರಿಸಿದ ಜಾಗದಲ್ಲಿ ಓಬಳಮ್ಮ ಹೇಳಿದ ಅಳತೆಗೆ ಕೋಳಿಗೂಡು ಕಟ್ಟಿಸಿಕೊಟ್ಟರು. ಬಾಗಿಲು ಪೂರ್ವಕ್ಕೇ ಇರಬೇಕೆಂದು ಆಕೆ ಹಟ ಹಿಡಿದದ್ದರಿಂದ ಒಂದು ಗೋಡೆಯನ್ನು ಒಡೆದು ಮತ್ತೆ ಕಟ್ಟಿದರು. ಕೋಳಿಗಳು ಹೊಸ ಮನೆಗೆ ಹೋದ ಸಂಜೆ ಬಯ್ಯಪ್ಪನವರು ಗಾಜನ್ನು ರಗ್ಗಿನಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು, ಆಟೋದವನಿಗೆ ಗುಂಡಿ ಗುಂಡಿಗೂ ನಿಧಾನ ನಿಧಾನ ಎನ್ನುತ್ತಾ ಶಿಡ್ಲಘಟ್ಟ ಸೇರಿದರು.

ಅಂತೂ ಒಂದು ದಿನ ಎಂಜಿನ್ ಕೆಮ್ಮಿತು, ಉಗುಳಿತು, ಆಮೇಲೆ ಉಸಿರಾಡತೊಡಗಿತು. ಗೋಣಿಚೀಲದ ಮೇಲೆ ಒಂದು ಹಿಡಿ ಬೋಲ್ಟು ನಟ್ಟುಗಳು ಉಳಿದಿದ್ದವು. ಅವೆಲ್ಲ ಎಕ್ಸ್‌ಟ್ರಾ ಎಂದು ಪಾಷಾ ಜೇಬಿಗೆ ಹಾಕಿಕೊಂಡ.

ಮೊದಲ ಪ್ರಯಾಣ ಎಲ್ಲಿಗೆ ಎಂದು ಬೇರೆ ಹೇಳಬೇಕಿಲ್ಲ. ಬಯ್ಯಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿಕ್ಕಬಳ್ಳಾಪುರ ದಾಟಿ ಮಂಡಿಕಲ್ಲಿಗೆ ಹೊರಟರು. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಹಿಂದೆ ಬರುತ್ತಿದ್ದ ಬಸ್ಸುಗಳು ಹಾರ್ನ್ ಹೊಡೆದದ್ದನ್ನು ಅವರು ಅಭಿನಂದನೆ ಎಂದೇ ತಿಳಿದರು. ಅಂಬರೀಶನ ಮನೆಯ ಮುಂದೆ, ಬಿಳಿ ಗಾಡಿಯ ಪಕ್ಕಕ್ಕೇ ತಂದು ನಿಲ್ಲಿಸಿ, ಬಾಗಿಲು ತೆರೆದು ಇಳಿದು ನಿಂತರು.

ಅಂಬರೀಶ ಹೊರಗೆ ಬಂದ. ಕಾರನ್ನು ನೋಡಿದ, ಷಡ್ಡಕನನ್ನು ನೋಡಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಲಿಲ್ಲ. ಹತ್ತಿರ ಬಂದು ಬಯ್ಯಪ್ಪನವರ ಕೈ ಹಿಡಿದುಕೊಂಡು, ಹೆಂಗಸರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಯಾಕಣ್ಣ, ಕಷ್ಟ ಇದ್ರೆ ನನಗೊಂದು ಮಾತು ಹೇಳಬಾರದಾಗಿತ್ತಾ? ಹೋಗಿ ಹೋಗಿ ಇಂಥ ಹಳೇ ಗಾಡಿ ತಗೊಂಡಿದೀಯಲ್ಲ. ಸೆಕೆಂಡ್ ಹ್ಯಾಂಡಲ್ಲೇ ಚೆನ್ನಾಗಿರೋದು ನಾನು ಕೊಡಿಸ್ತಿದ್ನಲ್ಲ."

ಬಯ್ಯಪ್ಪನವರು ಅಭಿರುಚಿಯ ವಿಷಯ ಹೇಳಿದರು. ದಿವಾನರ ವಿಷಯ ಹೇಳಿದರು. ಅಂಬರೀಶ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಬ್ಯಾಂಕಿನಲ್ಲಿ ತನಗೆ ಗೊತ್ತಿರುವವರಿದ್ದಾರೆ, ಸಂಕೋಚ ಪಡಬೇಡ ಎಂದ. ಊಟಕ್ಕೆ ಎರಡು ಸಲ ಹೋಳಿಗೆ ಬಡಿಸಿದರು. ಒಂದು ವಾರದಲ್ಲಿ, ಬಯ್ಯಪ್ಪನವರಿಗೆ ಏನೋ ತೊಂದರೆಯಾಗಿದೆಯಂತೆ ಎಂಬ ಸುದ್ದಿ ನೆಂಟರಲ್ಲೆಲ್ಲ ಹಬ್ಬಿ, ಕೆಲವರು ಹಣ್ಣು ಹಿಡಿದುಕೊಂಡು ಮನೆಗೆ ಬಂದು ಹೋದರು.

ಮಂಡಿಕಲ್ಲಿನಿಂದ ಹಿಂದಿರುಗುವಾಗ ಇನ್ನೊಂದು ಸಂಗತಿ ನಡೆಯಿತು. ಪೇರೇಸಂದ್ರ ಬಿಟ್ಟು ಸ್ವಲ್ಪ ದೂರಕ್ಕೆ ಕಾರು ನಿಂತುಬಿಟ್ಟಿತು. ಒಂದು ಕಡೆ ದ್ರಾಕ್ಷಿ ತೋಟ, ಹಿಂದೆ ಬೆಟ್ಟದ ಸಾಲು, ಇಳಿಬಿಸಿಲು. ಪಾಷಾನಿಗೆ ಫೋನ್ ಮಾಡಿದರೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದ. ಬಿಟ್ಟು ನೋಡುತ್ತಾ ಕೂತಿರುವಾಗ, ತೋಟದ ಒಳಗಿನಿಂದ ಕ್ಯಾಮೆರಾ ನೇತುಹಾಕಿಕೊಂಡ ಹುಡುಗಿಯೊಬ್ಬಳು ಓಡಿಬಂದಳು. ಅವಳ ಹೆಸರು ಚೈತನ್ಯ. ಚಿಕ್ಕಬಳ್ಳಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದಳು. ಮದುವೆಗೆ ಮುಂಚಿನ ಫೋಟೋ ತೆಗೆಯಲು ಗಂಡು ಹೆಣ್ಣನ್ನು ಕರೆತಂದಿದ್ದಳಂತೆ. ನೆಲ ಗುಡಿಸುವಷ್ಟು ಉದ್ದದ ಗೌನು ತೊಟ್ಟ ಹೆಣ್ಣು, ಬಿಸಿಲಿಗೆ ಕೋಟು ತೊಟ್ಟು ಬೆವರುತ್ತಿದ್ದ ಗಂಡು ಹಿಂದೆಯೇ ಬಂದರು. ಹತ್ತು ನಿಮಿಷ ನಿಮ್ಮ ಕಾರಿನ ಜೊತೆ ನಿಲ್ಲಬಹುದೇ ಎಂದು ಕೇಳಿದರು.

ಬಯ್ಯಪ್ಪನವರ ಎದೆ ಉಬ್ಬಿತು. ಅವಸರವಾಗಿ ಕೀಲಿ ತಿರುಗಿಸಲು ಹೋದರು.

"ಅಂಕಲ್, ಸ್ಟಾರ್ಟ್ ಮಾಡ್ಬೇಡಿ. ಹೊಗೆ ಬಂದ್ರೆ ಫ್ರೇಮ್ ಹಾಳಾಗುತ್ತೆ," ಎಂದಳು ಚೈತನ್ಯ. ಆಮೇಲೆ ಅವರನ್ನು ಸ್ವಲ್ಪ ಪಕ್ಕಕ್ಕೆ, ಇನ್ನೂ ಸ್ವಲ್ಪ ಪಕ್ಕಕ್ಕೆ ಎಂದು ಸರಿಸುತ್ತಾ ಚರಂಡಿಯ ಅಂಚಿಗೆ ನಿಲ್ಲಿಸಿದಳು.

ಆ ಫೋಟೋಗಳು ಎಲ್ಲರ ಮೊಬೈಲುಗಳಲ್ಲಿ ಸುತ್ತಾಡಿದ ಮೇಲೆ ಹೆರಾಲ್ಡಿಗೆ ಭಾನುವಾರಗಳು ಬಿಡುವಿಲ್ಲದಾದವು. ಯಾರಿಗೂ ಅದು ಓಡುವುದು ಬೇಕಿರಲಿಲ್ಲ. ನಂದಿ ಬೆಟ್ಟದ ತಪ್ಪಲಿನ ಹಾದಿಯಲ್ಲಿ, ಕೆರೆ ಏರಿಯ ಮೇಲೆ, ಸೂರ್ಯಕಾಂತಿ ಹೊಲದ ಬದುವಿನಲ್ಲಿ ಅದು ಸುಮ್ಮನೆ ನಿಂತರೆ ಸಾಕಾಗಿತ್ತು. ಬೆಳಕು ಸರಿದರೆ ಫೋಟೋದವರೇ ತಳ್ಳಿ ಸರಿಸುತ್ತಿದ್ದರು. ಗಂಡು ಸ್ಟೀರಿಂಗ್ ಹಿಡಿದು ದೂರ ನೋಡುತ್ತಿದ್ದ, ಹೆಣ್ಣು ಕಿಟಕಿಯಿಂದ ದುಪಟ್ಟಾ ಹಾರಿಸುತ್ತಿದ್ದಳು. ಗಾಳಿಯಿಲ್ಲದಿದ್ದರೆ ಚೈತನ್ಯಳ ಸಹಾಯಕನೊಬ್ಬ ಆಚೆ ಕೂತು ಅದರ ತುದಿ ಜಗ್ಗುತ್ತಿದ್ದ. ಬಯ್ಯಪ್ಪನವರು ಬಂದವರಿಗೆಲ್ಲ ಕಾರಿನ ಚರಿತ್ರೆ ಹೇಳುತ್ತಿದ್ದರು. ಮೊದಮೊದಲು ದಿವಾನರ ಮನೆಯದಾಗಿದ್ದದ್ದು ಕ್ರಮೇಣ ದಿವಾನರದ್ದೇ ಆಯಿತು, ಬೇಸಿಗೆಯ ಹೊತ್ತಿಗೆ ಅರಮನೆಯದಾಯಿತು. ಇದರಿಂದ ನೊಂದವನು ಪಾಷಾ ಒಬ್ಬನೇ. ತಾನು ಓಡುವ ಹಾಗೆ ಮಾಡಿದ ಗಾಡಿಯನ್ನು ಜನ ತಳ್ಳುವುದನ್ನು ಅವನು ನೋಡಲಾರದೆ, ಎಂಜಿನ್ ಬಿಚ್ಚಿ ಮನೆಗೆ ಒಯ್ಯುತ್ತೇನೆ, ನಿಮಗೇನೂ ವ್ಯತ್ಯಾಸವಾಗುವುದಿಲ್ಲ ಎಂದು ಒಂದು ಸಲ ಅಂದನಂತೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಕೆಂಚಾರ್ಲಹಳ್ಳಿಯಿಂದ ವರಲಕ್ಷ್ಮಿಯ ತಮ್ಮನ ಫೋನ್ ಬಂತು. ರೇಷ್ಮೆ ಗೂಡು ಬಿಡಿಸಿ ಚೀಲ ತುಂಬಿಸಿಯಾಗಿದೆ, ಬರುತ್ತೇನೆಂದಿದ್ದ ಟೆಂಪೊದವನು ಕೈಕೊಟ್ಟಿದ್ದಾನೆ, ತಡವಾದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜು ತಪ್ಪುತ್ತದೆ, ಯಾರಾದರೂ ಸಿಗುತ್ತಾರಾ ನೋಡು ಅಕ್ಕ ಎಂದ. ವರಲಕ್ಷ್ಮಿ ಯಾರನ್ನೂ ನೋಡಲಿಲ್ಲ. ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡರು.

ಇವತ್ತು ಫೋಟೋದವರಿಗೆ ಮಾತು ಕೊಟ್ಟಿದೆ ಎಂದು ಬಯ್ಯಪ್ಪನವರು ನೆನಪಿಸಿದರು. ದಿವಾನರ ಕಾರಿನಲ್ಲಿ ಗೂಡಿನ ಚೀಲ ಹಾಕುವುದು ಹೇಗಿರುತ್ತದೆ, ವಾಸನೆ ಹಿಡಿದರೆ ಬಿಡುವುದಿಲ್ಲ ಎಂದೂ ಹೇಳಿದರು.

"ಕಾರು ಇರೋದು ಸಾಮಾನು ಹಾಕ್ಕೊಂಡು ಹೋಗೋಕಲ್ವೇನ್ರೀ?" ಎಂದರು ವರಲಕ್ಷ್ಮಿ. "ಆ ಹಿಂದಿನ ಸೀಟೊಂದು ಬಿಚ್ಚಿಕೊಡಿ."

ಬಯ್ಯಪ್ಪನವರು ಬಿಚ್ಚಿಕೊಟ್ಟರು. ಹೆಂಡತಿ ಕೂತು ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಶುರುವಾದದ್ದು ಅವರಿಗೆ ಸ್ವಲ್ಪ ಅವಮಾನವೆನಿಸಿತು. ತಾವು ಮುಂದೆ ಹಿಂದೆ ಮಾಡಿ ಅರ್ಧ ಬೀದಿಯನ್ನು ಎಬ್ಬಿಸುತ್ತಿದ್ದ ಗಲ್ಲಿಯಲ್ಲಿ ಆಕೆ ಒಂದೇ ಸಲಕ್ಕೆ ಕಾರನ್ನು ಗಿರಕಿ ಹೊಡೆಸಿದರು. ಅಷ್ಟು ಚಿಕ್ಕ ಜಾಗದಲ್ಲಿ ಅದು ಹಾಗೆ ತಿರುಗುತ್ತದೆಂದು ಬಯ್ಯಪ್ಪನವರಿಗೆ ಗೊತ್ತೇ ಇರಲಿಲ್ಲ. ಕೆಂಚಾರ್ಲಹಳ್ಳಿಯಲ್ಲಿ ಹಿಂದುಗಡೆ, ಡಿಕ್ಕಿಯಲ್ಲಿ, ಕಾಲ ಹತ್ತಿರ ಚೀಲಗಳು ತುಂಬಿದವು. ಕೊನೆಯ ಚೀಲಕ್ಕೆ ಜಾಗವಿಲ್ಲದೆ ಅದು ಬಯ್ಯಪ್ಪನವರ ತೊಡೆಗೆ ಬಂತು. ವರಲಕ್ಷ್ಮಿಯ ತಮ್ಮ ಬೈಕಿನಲ್ಲಿ ಹಿಂದೆ ಬಂದ. ದಾರಿಯಲ್ಲಿ ಒಂದು ಕಡೆ ಕಾರು ಕೆಮ್ಮಿದಾಗ ವರಲಕ್ಷ್ಮಿ ಗೇರು ಇಳಿಸಿದರು. ಅದು ಸುಮ್ಮನಾಯಿತು.

ಶಿಡ್ಲಘಟ್ಟ ಹತ್ತಿರವಾಗುವಾಗ ಚೈತನ್ಯಳ ಫೋನ್ ಬಂತು. ಜೋಡಿ ಸಿದ್ಧವಾಗಿದೆ, ಬೆಳಕು ಹೋಗುತ್ತದೆ, ಎಲ್ಲಿದ್ದೀರಿ ಅಂಕಲ್ ಎಂದು ಕೇಳಿದಳು. ಚೀಲದ ಹಿಂದೆ ಕೂತಿದ್ದ ಬಯ್ಯಪ್ಪನವರು ಫೋನನ್ನು ಹೆಂಡತಿಯ ಕಿವಿಗೆ ಹಿಡಿದರು.

"ಗಾಡಿ ಕೆಲಸಕ್ಕೆ ಬಂದೈತಮ್ಮ. ಬರೋ ವಾರ ನೋಡಣ," ಎಂದರು ವರಲಕ್ಷ್ಮಿ.

ಮಾರುಕಟ್ಟೆಯ ಗೇಟಿನಲ್ಲಿ ಟೆಂಪೊಗಳ ಸಾಲಿನ ನಡುವೆ ಹಳದಿ ಹೆರಾಲ್ಡ್ ನಿಂತಾಗ ಬೆಳೆಗಾರರೂ ನೂಲು ತೆಗೆಯುವವರೂ ಸುತ್ತುಗಟ್ಟಿದರು. ಇದು ಯಾವ ಗಾಡಿ, ಎಷ್ಟು ಹಳೆಯದು ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಬಯ್ಯಪ್ಪನವರು ಚೀಲ ಕೆಳಗಿಳಿಸಿ, ಗಂಟಲು ಸರಿಪಡಿಸಿಕೊಂಡು, ಅರಮನೆಯಿಂದ ಶುರುಮಾಡಿದರು. ಜನ ಆಸಕ್ತಿಯಿಂದ ಕೇಳಿದರು. ಅವರು ದಿವಾನರವರೆಗೆ ಬರುವಷ್ಟರಲ್ಲಿ ಒಳಗೆ ಹರಾಜಿನ ಗಂಟೆ ಹೊಡೆಯಿತು. ಎಲ್ಲರೂ ತಂತಮ್ಮ ಚೀಲ ಹೊತ್ತುಕೊಂಡು ಒಳಗೆ ಓಡಿದರು. ವರಲಕ್ಷ್ಮಿ ಆಗಲೇ ತಮ್ಮನ ಜೊತೆ ಗೂಡನ್ನು ತಟ್ಟೆಗೆ ಸುರಿಯುತ್ತಿದ್ದರು. ಅಲ್ಲಿಂದಲೇ ಗಂಡನಿಗೆ ಇನ್ನೆರಡು ಚೀಲ ಉಳಿದಿವೆ ಎಂದು ಸನ್ನೆ ಮಾಡಿದರು.

ಬಯ್ಯಪ್ಪನವರು ಅಂಗಿಯ ತೋಳು ಮಡಿಸಿ, ಡಿಕ್ಕಿ ತೆರೆದು, ಚೀಲ ಹೆಗಲಿಗೇರಿಸಿಕೊಂಡರು.